ಶುದ್ಧಹಸ್ತದ ನ್ಯಾಯಾಧೀಶ ಸಂತ ಥಾಮಸ್ ಮೋರ್

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಪುಣ್ಯಕಾಲದಲ್ಲಿ ಸ್ಮರಣ ಸಂಚಿಕೆಗಾಗಿ ಒಬ್ಬ ಸಂತರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡರು. ಯಾರನ್ನು ಕುರಿತು ಬರೆಯಲಿ ಎಂದು ನಾನು ಬಹಳ ಯೋಚಿಸಬೇಕಾಗಲಿಲ್ಲ. ನಮ್ಮ ಹಿರಿಯರು ಬಹುಮಟ್ಟಿಗೆ ಹೊಲ ತೋಟಗಳಲ್ಲಿ ದುಡಿದವರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ವಾರಕ್ಕೆ ಒಂದು ಗಂಟೆಯನ್ನು ದೇವಾಲಯದಲ್ಲಿ ಕಳೆಯುವ ನಮ್ಮ ಜನ, ಅದರ ನಲವತ್ತು ಪಾಲು ಹೊತ್ತನ್ನು ಕೆಲಸದ ಸ್ಥಳದಲ್ಲಿ ಕಳೆಯುತ್ತಾರೆ. ನಮ್ಮ ವಿಶ್ವಾಸವು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ.

ಹಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಒಬ್ಬ ಯುವಕ ಒಂದು ಸಂಜೆ ಗುರುನಿವಾಸಕ್ಕೆ ಬಂದ. ಆಗತಾನೇ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದವನು. ತನ್ನ ವಿಭಾಗದಲ್ಲಿ ಪ್ರತಿಯೊಂದು ಕಾಗದಕ್ಕೂ ಮಾಮೂಲು ಗೊತ್ತಾಗಿದೆಯೆಂದೂ, ಸಂಜೆ ಅದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆಂದೂ, ತಾನು ಬೇಡವೆಂದರೂ ತನ್ನ ಪಾಲನ್ನು ಮೇಜಿನ ಖಾನೆಯಲ್ಲಿ ಇಟ್ಟುಹೋಗುತ್ತಾರೆಂದೂ ಹೇಳಿ, ನಾನೇನು ಮಾಡಲಿ ಸ್ವಾಮಿ ಎಂದು ಕೇಳಿದ. ಪ್ರಾಮಾಣಿಕನಾಗಿರು, ದೇವರು ನಿನ್ನ ಕೈ ಬಿಡುವುದಿಲ್ಲ, ಬಡ್ತಿ ತಾನಾಗಿಯೇ ಬರುತ್ತದೆ ಎಂದು ನಾನು ಸುಲಭವಾಗಿ ಹೇಳಿಬಿಟ್ಟೆ. ಅವನು ನನ್ನ ಮಾತನ್ನು ನಡೆಸಿದ. ಬಡ್ತಿ ಬರಲಿಲ್ಲ, ಮೂರು ಬಾರಿ ವರ್ಗವಾಯಿತು. ಮಕ್ಕಳ ಓದು ಕೆಟ್ಟಿತು. ಮುಂದೆ ಭೇಟಿಯಾದಾಗ ಅವನು ನನ್ನನ್ನು ದೂರಲಿಲ್ಲ. ಆದರೆ ನಾನು ಅವನಿಗೆ ಹೇಳಿದ್ದು ಅರ್ಧ ಸತ್ಯವೆಂಬುದು ಅಂದಿನಿಂದ ನನ್ನನ್ನು ಕೊರೆಯುತ್ತಲೇ ಇದೆ. ಅಂದು ಅವನಿಗೆ ಹೇಳಬೇಕಾಗಿದ್ದುದು ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದ ಸಂತ ಥಾಮಸ್ ಮೋರ್ ಅವರ ಕಥೆಯನ್ನು. ಅದನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ಥಾಮಸ್ ಮೋರ್ ಅವರು 1478ರ ಸುಮಾರಿನಲ್ಲಿ ಲಂಡನ್ ನಗರದ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಜನಿಸಿದರು. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಾಲಕ ಥಾಮಸ್ ಕೆಲಕಾಲ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರೂ ದೇಶದ ಲಾರ್ಡ್ ಚಾನ್ಸಲರರೂ ಆಗಿದ್ದ ಜಾನ್ ಮಾರ್ಟನ್ ಅವರ ಮನೆಯಲ್ಲಿ ಊಳಿಗದ ಹುಡುಗನಾಗಿ ಬೆಳೆದ. ಆ ಹುಡುಗನ ಚುರುಕು ಬುದ್ಧಿಯನ್ನು ಕಂಡು ಮಾರ್ಟನ್ ಅವರೇ ಅವನನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ತಂದೆಗೆ ಮಗ ವಕೀಲನಾಗಬೇಕೆಂಬ ಆಸೆ. ಆದ್ದರಿಂದ ಸುಮಾರು ಎರಡು ವರ್ಷಗಳ ನಂತರ ಥಾಮಸ್ ಲಂಡನ್ನಿಗೆ ಹಿಂದಿರುಗಿ, ಮೊದಲು ನ್ಯೂ ಇನ್ ಎಂಬಲ್ಲಿಯೂ 1496ರಿಂದ ಲಿಂಕನ್ಸ್ ಇನ್ ಎಂಬಲ್ಲಿಯೂ ಕಾನೂನು ಕಲಿತರು.

ತಾರುಣ್ಯದಲ್ಲಿ ಅವರಿಗೆ ಸನ್ಯಾಸದ ಹಂಬಲವಿತ್ತು. ನಾಲ್ಕು ವರ್ಷಗಳಷ್ಟು ಕಾಲ ಲಂಡನ್ನಿನ ಕಾರ್ತೂಸಿಯನ್ ಮಠದ ಬಳಿಯಿದ್ದು ಅಲ್ಲಿನ ಸನ್ಯಾಸಿಗಳ ಪ್ರಾರ್ಥನೆ ಮತ್ತು ತಪಸ್ಸಿನಲ್ಲಿ ಪಾಲುಗೊಂಡರು. ಕೊನೆಗೆ ತಮ್ಮ ಕರೆ ಸಂಸಾರದಲ್ಲಿದ್ದುಕೊಂಡೇ ದೇವರ ಸೇವೆ ಮಾಡುವುದು ಎಂದು ನಿರ್ಧರಿಸಿ, 1505ರ ಸುಮಾರಿಗೆ ಜೇನ್ ಕೋಲ್ಟ್ ಎಂಬ ಕನ್ಯೆಯನ್ನು ವಿವಾಹವಾದರು. ಮಾರ್ಗರೆಟ್, ಎಲಿಜಬೆತ್, ಸಿಸಿಲಿ, ಜಾನ್ ಎಂಬ ನಾಲ್ವರು ಮಕ್ಕಳಾದರು. 1511ರಲ್ಲಿ ಜೇನ್ ತೀರಿಕೊಂಡಾಗ ಎಳೆಯ ಮಕ್ಕಳ ಪಾಲನೆಗಾಗಿ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಮಠದಲ್ಲಿ ಕಲಿತ ಉಪವಾಸ, ಜಪ, ಒಳಗೆ ಒರಟು ರೋಮದ ಅಂಗಿ ತೊಡುವ ತಪಸ್ಸು ಇವನ್ನು ಅವರು ಎಷ್ಟು ದೊಡ್ಡ ಪದವಿಗೇರಿದರೂ ಬಿಡಲಿಲ್ಲ.

ಗುರುವಾರದ ನ್ಯಾಯಾಲಯ

1510ರಲ್ಲಿ ಥಾಮಸ್ ಮೋರ್ ಲಂಡನ್ ನಗರದ ಉಪ ಶೆರೀಫ್ ಆಗಿ ನೇಮಕಗೊಂಡರು. ನಗರದ ಸಾಮಾನ್ಯ ಜನರ ವ್ಯಾಜ್ಯಗಳನ್ನು ತೀರ್ಮಾನಿಸುವ ಕೆಲಸ. ಅವರ ನ್ಯಾಯಾಲಯ ಗುರುವಾರ ಬೆಳಿಗ್ಗೆ ಕೂಡುತ್ತಿತ್ತು. ಅಂದಿನ ಪದ್ಧತಿಯಂತೆ ವಾದಿ ಪ್ರತಿವಾದಿಗಳು ತಲಾ ಮೂರು ಶಿಲ್ಲಿಂಗುಗಳ ಶುಲ್ಕ ಕೊಡಬೇಕಾಗಿತ್ತು. ಅದು ಕಾನೂನುಬದ್ಧವಾದ ಆದಾಯವೇ. ಮೋರ್ ಅವರು ಬಹುತೇಕ ಆ ಶುಲ್ಕವನ್ನೂ ಬಿಟ್ಟುಕೊಡುತ್ತಿದ್ದರೆಂದು ಅವರ ಗೆಳೆಯ, ಯೂರೋಪಿನ ಮಹಾಪಂಡಿತ ಎರಾಸ್ಮಸ್ ಬರೆದಿಟ್ಟಿದ್ದಾರೆ. ವಕೀಲರಾಗಿಯೂ ಅವರ ರೀತಿ ಬೇರೆಯೇ ಆಗಿತ್ತು. ಕಕ್ಷಿಗಾರ ಬಂದರೆ ಮೊದಲು ರಾಜಿಯ ದಾರಿಯನ್ನೇ ತೋರಿಸುವರು. ದಾವೆ ಬೆಳೆದಷ್ಟೂ ವಕೀಲನಿಗೆ ಲಾಭವೆಂಬುದನ್ನು ಬಲ್ಲವರಾದರೂ, ಕಡಿಮೆ ಖರ್ಚಿನಲ್ಲಿ ಅದು ಮುಗಿಯುವ ಉಪಾಯವನ್ನೇ ಹೇಳಿಕೊಡುತ್ತಿದ್ದರು.

ಈ ಕಾಲದ ಒಂದು ಪ್ರಸಂಗವನ್ನು ಇಂದಿನ ಉದ್ಯೋಗಸ್ಥರು ವಿಶೇಷವಾಗಿ ಗಮನಿಸಬೇಕು. 1515ರಲ್ಲಿ ಅವರು ವ್ಯಾಪಾರ ಸಂಧಾನಕ್ಕಾಗಿ ಅರಸನ ಪ್ರತಿನಿಧಿಯಾಗಿ ಫ್ಲಾಂಡರ್ಸ್ ದೇಶಕ್ಕೆ ಹೋಗಿಬಂದರು. ಸಂತುಷ್ಟನಾದ ಅರಸ ಎಂಟನೆಯ ಹೆನ್ರಿ ಅವರಿಗೆ ವರ್ಷಾಶನವನ್ನು ಕೊಡಮಾಡಿದ. ಮೋರ್ ಆಗ ಅದನ್ನು ಸ್ವೀಕರಿಸಲಿಲ್ಲ. ನಗರಕ್ಕೂ ಅರಸನಿಗೂ ಹಕ್ಕುಬಾಧ್ಯತೆಯ ವಿಷಯದಲ್ಲಿ ಏನಾದರೂ ತಕರಾರು ಬಂದರೆ, ಅರಸನಿಂದ ಹಣ ಪಡೆಯುವ ತನ್ನನ್ನು ನಾಗರಿಕರು ಹೇಗೆ ನಂಬಿಯಾರು ಎಂಬುದು ಅವರ ಆಲೋಚನೆ. ಆ ವರ್ಷಾಶನ ಲಂಚವಲ್ಲ, ಕಳ್ಳ ಹಣವಲ್ಲ. ಗೌರವದಿಂದ ಬಂದ ಸಂಭಾವನೆ. ಆದರೂ ಒಂದೇ ಹೊತ್ತಿನಲ್ಲಿ ಇಬ್ಬರ ಅನ್ನ ಉಂಡವನು ಇಬ್ಬರಿಗೂ ನ್ಯಾಯ ಹೇಳಲಾರ ಎಂಬ ಸೂಕ್ಷ್ಮವನ್ನು ಅವರು ಅರಿತಿದ್ದರು. ಮುಂದೆ ಅರಸನ ಸೇವೆಗೆ ಪೂರ್ಣವಾಗಿ ಸೇರಿದ ಮೇಲೆ, 1518ರಲ್ಲಿ, ನಗರದ ಹುದ್ದೆಯನ್ನು ಬಿಟ್ಟುಕೊಟ್ಟರು.

ಈ ನಡುವೆ, 1516ರಲ್ಲಿ, ಅವರ ‘ಯುಟೋಪಿಯಾ’ ಎಂಬ ಲ್ಯಾಟಿನ್ ಗ್ರಂಥ ಪ್ರಕಟವಾಗಿ ಅವರ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. ಪದವಿಗಳು ಒಂದರ ಮೇಲೊಂದರಂತೆ ಬಂದವು. 1521ರಲ್ಲಿ ಸರ್ ಎಂಬ ಬಿರುದು ಮತ್ತು ಖಜಾನೆಯ ಉಪಾಧಿಕಾರ, 1523ರಲ್ಲಿ ಪಾರ್ಲಿಮೆಂಟಿನ ಸ್ಪೀಕರ್ ಸ್ಥಾನ, 1525ರಲ್ಲಿ ಲ್ಯಾಂಕಾಸ್ಟರ್ ಸಂಸ್ಥಾನದ ಚಾನ್ಸಲರ್ ಪದವಿ. ಸ್ಪೀಕರರಾದಾಗ ಸದಸ್ಯರು ಭಯವಿಲ್ಲದೆ ತಮ್ಮ ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕೆಂದು ಅರಸನನ್ನೇ ಅವರು ಬೇಡಿಕೊಂಡದ್ದು ಇತಿಹಾಸದಲ್ಲಿ ದಾಖಲಾಗಿದೆ.

ಸುಟ್ಟ ಕಣಜಗಳು

ಮೋರ್ ಕುಟುಂಬ ಥೇಮ್ಸ್ ನದಿಯ ದಡದ ಚೆಲ್ಸಿ ಎಂಬ ಊರಿನಲ್ಲಿ ದೊಡ್ಡ ಮನೆ ಮಾಡಿಕೊಂಡಿತ್ತು. 1529ರ ಸೆಪ್ಟೆಂಬರಿನಲ್ಲಿ ಅವರು ಅರಸನೊಂದಿಗೆ ದೂರದಲ್ಲಿದ್ದಾಗ ಮನೆಯ ಕಣಜಗಳಿಗೆ ಬೆಂಕಿ ಬಿದ್ದು, ನೆರೆಯವರ ಕಣಜಗಳೂ ಧಾನ್ಯವೂ ಸುಟ್ಟುಹೋದವು. ಸುದ್ದಿ ತಿಳಿದು ಅವರು ಪತ್ನಿಗೆ ಪತ್ರ ಬರೆದರು. ನೆರೆಯ ಬಡವರಿಗೆ ಏನೇನು ನಷ್ಟವಾಗಿದೆಯೆಂದು ವಿಚಾರಿಸಬೇಕು. ನಮ್ಮ ಮನೆಯಲ್ಲಿ ಒಂದು ಚಮಚೆಯೂ ಉಳಿಯದೆ ಹೋದರೂ ಚಿಂತೆಯಿಲ್ಲ, ಅವರ ನಷ್ಟ ತುಂಬಿಕೊಡಬೇಕು ಎಂಬುದು ಅದರ ಸಾರ. ಕೆಲಸದಾಳುಗಳನ್ನು ಕಡಿಮೆ ಮಾಡಬೇಕಾಗಿ ಬಂದರೂ ಬೇರೆ ಕಡೆ ಆಸರೆ ಸಿಗುವ ಮೊದಲು ಯಾರನ್ನೂ ಹೊರಗೆ ಕಳುಹಿಸಬಾರದೆಂದೂ ಬರೆದರು. ಪ್ರಾಮಾಣಿಕತೆ ಎಂಬುದು ಕೂಲಿಯವನು ಯಜಮಾನನಿಗೆ ಸಲ್ಲಿಸಬೇಕಾದ ಋಣ ಮಾತ್ರವೆಂದು ತಿಳಿದಿರುವ ಯಜಮಾನರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರು ಈ ಪತ್ರವನ್ನು ನೆನೆಯಬೇಕು.

ಲಾರ್ಡ್ ಚಾನ್ಸಲರ್ ಪೀಠದಲ್ಲಿ

ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಡಿನಲ್ ವುಲ್ಸಿ ಅರಸನ ಅವಕೃಪೆಗೆ ಗುರಿಯಾಗಿ ಪದಚ್ಯುತರಾದಾಗ, ಥಾಮಸ್ ಮೋರ್ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದರು. ಬಹುಮಟ್ಟಿಗೆ ಧರ್ಮಾಧ್ಯಕ್ಷರೇ ಅಲಂಕರಿಸುತ್ತಿದ್ದ ಈ ಪೀಠವು ಒಬ್ಬ ಸಂಸಾರಸ್ಥ ವಕೀಲರಿಗೆ ದೊರೆಯಿತು. ದೇಶದ ಪರಮೋಚ್ಚ ನ್ಯಾಯಾಸನಗಳಲ್ಲಿ ಒಂದಾದ ಚಾನ್ಸರಿ ನ್ಯಾಯಾಲಯ ಅವರ ಅಧೀನವಾಯಿತು. ಪ್ರತಿದಿನವೂ ತಮ್ಮ ಪೀಠಕ್ಕೆ ಹೋಗುವ ದಾರಿಯಲ್ಲಿ, ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಕೆಳಗಿನ ನ್ಯಾಯಾಧೀಶರಾಗಿ ಕುಳಿತಿರುತ್ತಿದ್ದ ತಮ್ಮ ವೃದ್ಧ ತಂದೆಯ ಮುಂದೆ ಎಲ್ಲರೆದುರಿಗೆ ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದರು.

ಚಾನ್ಸರಿಯಲ್ಲಿ ವರ್ಷಗಟ್ಟಲೆ ಕೊಳೆತ ಮೊಕದ್ದಮೆಗಳಿದ್ದವು. ಮೋರ್ ಅವರು ಮಧ್ಯಾಹ್ನದ ಹೊತ್ತು ತಮ್ಮ ಮನೆಯ ತೆರೆದ ಹಜಾರದಲ್ಲಿ ಕುಳಿತು, ಬಡವರು ನೇರವಾಗಿ ಬಂದು ತಮ್ಮ ಅಹವಾಲನ್ನು ಹೇಳಿಕೊಳ್ಳಲು ಅನುವು ಮಾಡಿಕೊಟ್ಟರು. ಪ್ರತಿಯೊಂದು ಅರ್ಜಿಯನ್ನೂ ತಾವೇ ಓದಿ, ಸತ್ವವಿಲ್ಲದ್ದನ್ನು ಅಲ್ಲಿಯೇ ತಳ್ಳಿಹಾಕಿ, ಉಳಿದದ್ದಕ್ಕೆ ಮಾತ್ರ ಸಮನ್ಸು ಕಳುಹಿಸುವರು. ಒಂದು ದಿನ ಮುಂದಿನ ಮೊಕದ್ದಮೆಯನ್ನು ಕರೆಯಿರಿ ಎಂದಾಗ, ಇನ್ನು ಒಂದೂ ಬಾಕಿಯಿಲ್ಲವೆಂಬ ಉತ್ತರ ಬಂದಿತೆಂದು ಹೇಳುತ್ತಾರೆ. ಬೇರೆ ನ್ಯಾಯಾಧೀಶರು ತಮ್ಮ ತೀರ್ಪುಗಳಿಗೆ ಚಾನ್ಸಲರ್ ತಡೆಯಾಜ್ಞೆ ಕೊಡುತ್ತಾರೆಂದು ಗೊಣಗಿದಾಗ, ಅಂಥ ತಡೆಯಾಜ್ಞೆಗಳ ಪಟ್ಟಿಯನ್ನು ಕಾರಣಸಹಿತ ಸಿದ್ಧಪಡಿಸಿ, ಅವರನ್ನೆಲ್ಲ ಊಟಕ್ಕೆ ಕರೆದು, ಊಟವಾದ ಮೇಲೆ ಒಂದೊಂದಾಗಿ ವಿವರಿಸಿದರು. ತಾವಿದ್ದರೂ ಹಾಗೆಯೇ ಮಾಡುತ್ತಿದ್ದೆವೆಂದು ಅವರು ಒಪ್ಪಿಕೊಳ್ಳಬೇಕಾಯಿತು. ತನ್ನ ಕೆಲಸದ ಕಡತವನ್ನು ಯಾರ ಮುಂದೆಯಾದರೂ ಬಿಚ್ಚಿಡಬಲ್ಲವನು ಧನ್ಯ.

ಅವರ ಅಳಿಯ ಡಾನ್ಸಿ ಒಮ್ಮೆ ನಗುತ್ತಲೇ ದೂರಿಕೊಂಡ. ವುಲ್ಸಿಯವರ ಕಾಲದಲ್ಲಿ ಬಾಗಿಲು ಕಾಯುವವರೂ ಸಂಪಾದಿಸಿದರು; ಚಾನ್ಸಲರರ ಮಗಳನ್ನೇ ಮದುವೆಯಾದ ತನಗೆ ಏನೂ ದಕ್ಕುತ್ತಿಲ್ಲ, ಮಾವನವರ ಬಾಗಿಲು ಎಲ್ಲರಿಗೂ ತೆರೆದಿರುವುದರಿಂದ ತನ್ನ ಶಿಫಾರಸನ್ನು ಕೇಳುವವರೇ ಇಲ್ಲ ಎಂಬುದು ಆತನ ಕೊರಗು. ಮೋರ್ ಅವರು ಅಳಿಯನಿಗೆ ಬೇರೆ ರೀತಿಯಲ್ಲಿ ನೆರವಾಗಲು ಸಿದ್ಧರಿದ್ದರು. ಆದರೆ ನ್ಯಾಯದ ವಿಷಯದಲ್ಲಿ, ಒಂದು ಕಡೆ ತನ್ನ ಹೆತ್ತ ತಂದೆಯೂ ಇನ್ನೊಂದು ಕಡೆ ಸೈತಾನನೂ ನಿಂತು, ನ್ಯಾಯ ಸೈತಾನನ ಕಡೆಗಿದ್ದರೆ ತೀರ್ಪು ಅವನಿಗೇ ಸಲ್ಲಬೇಕು ಎಂದು ಸ್ಪಷ್ಟಪಡಿಸಿದರು. ಇದು ಬರಿಯ ಮಾತಾಗಿ ಉಳಿಯಲಿಲ್ಲ. ಇನ್ನೊಬ್ಬ ಅಳಿಯ ಜೈಲ್ಸ್ ಹೆರಾನ್, ಮಾವನ ನ್ಯಾಯಾಲಯದಲ್ಲಿಯೇ ತನ್ನ ಮೊಕದ್ದಮೆಯಿದ್ದುದರಿಂದ ಯಾವ ರಾಜಿಗೂ ಒಪ್ಪದೆ ಬಿಗುಮಾನದಿಂದಿದ್ದ. ಮಾವನವರು ಅವನ ವಿರುದ್ಧವೇ ತೀರ್ಪು ಬರೆದರು.

ಪತ್ನಿ ಆಲಿಸ್ ಅವರ ನಾಯಿಮರಿಯ ಕಥೆಯೂ ಜನಜನಿತವಾಗಿದೆ. ಆಕೆಗೆ ಸಿಕ್ಕಿದ್ದ ಒಂದು ಪುಟ್ಟ ನಾಯಿ ತನ್ನದೆಂದು ಒಬ್ಬ ಭಿಕ್ಷುಕಿ ಬಂದು ಹೇಳಿದಳು. ಮೋರ್ ಅವರು ಪತ್ನಿಯನ್ನು ಹಜಾರದ ಮೇಲ್ತುದಿಯಲ್ಲಿಯೂ ಭಿಕ್ಷುಕಿಯನ್ನು ಕೆಳತುದಿಯಲ್ಲಿಯೂ ನಿಲ್ಲಿಸಿ, ಇಬ್ಬರೂ ನಾಯಿಯನ್ನು ಕರೆಯುವಂತೆ ಹೇಳಿದರಂತೆ. ನಾಯಿ ಭಿಕ್ಷುಕಿಯ ಬಳಿಗೆ ಓಡಿತು. ತೀರ್ಪು ಆಕೆಯ ಪರವಾಯಿತು. ಅನಂತರ ಒಂದು ಚಿನ್ನದ ನಾಣ್ಯವನ್ನು ಕೊಟ್ಟು, ಆಕೆ ಒಪ್ಪಿದ ಮೇಲೆ ನಾಯಿಯನ್ನು ಪತ್ನಿಗಾಗಿ ಕೊಂಡುಕೊಂಡರು.

ಕೈಗವಸು ಮತ್ತು ಬಟ್ಟಲು

ಹೊಸವರ್ಷದ ದಿನ ಉಡುಗೊರೆ ಕೊಡುವುದು ಅಂದಿನ ಇಂಗ್ಲೆಂಡಿನಲ್ಲಿ ರೂಢಿ. ಉಡುಗೊರೆಯ ಹೆಸರಿನಲ್ಲಿ ಲಂಚವೂ ಓಡಾಡುತ್ತಿತ್ತು. ಕ್ರೋಕರ್ ಎಂಬ ಶ್ರೀಮಂತ ವಿಧವೆಗೆ ಒಬ್ಬ ಪ್ರಭುವಿನ ವಿರುದ್ಧ ಮೋರ್ ಅವರಿಂದ ನ್ಯಾಯ ದೊರಕಿತ್ತು. ಆಕೆ ಹೊಸವರ್ಷಕ್ಕೆ ಒಂದು ಜೊತೆ ಕೈಗವಸು ತಂದುಕೊಟ್ಟಳು. ಒಳಗೆ ನಲವತ್ತು ಪೌಂಡು ಚಿನ್ನದ ನಾಣ್ಯಗಳಿದ್ದವು. ಹೆಣ್ಣುಮಗಳ ಉಡುಗೊರೆಯನ್ನು ನಿರಾಕರಿಸುವುದು ಸೌಜನ್ಯವಲ್ಲವೆಂದು ಕೈಗವಸನ್ನು ಇಟ್ಟುಕೊಂಡು ಹಣವನ್ನು ಹಿಂದಿರುಗಿಸಿದರು. ಗ್ರೆಶಮ್ ಎಂಬವನು, ಅವನ ಮೊಕದ್ದಮೆ ಇನ್ನೂ ನಡೆಯುತ್ತಿರುವಾಗಲೇ, ಒಂದು ಚೆಂದದ ಬಟ್ಟಲನ್ನು ಕಳುಹಿಸಿದ. ಅದರ ಕೆತ್ತನೆ ಮೋರ್ ಅವರಿಗೆ ಮೆಚ್ಚಿಗೆಯಾಯಿತು. ಅದನ್ನು ಇಟ್ಟುಕೊಂಡು, ಅದಕ್ಕಿಂತ ಹೆಚ್ಚು ಬೆಲೆಯ ತಮ್ಮ ಬಟ್ಟಲೊಂದನ್ನು ಅವನಿಗೆ ಕಳುಹಿಸಿಕೊಟ್ಟರು.

ಇವೆಲ್ಲ ಸಣ್ಣ ವಿಷಯಗಳೆಂದು ತೋರಬಹುದು. ಆದರೆ ಮೋರ್ ಅವರು ಅರಸನ ಕೃಪೆ ಕಳೆದುಕೊಂಡ ಮೇಲೆ, ಅವರನ್ನು ಕೆಡವಲು ಶತ್ರುಗಳು ಮೊದಲು ಹುಡುಕಿದ್ದೇ ಲಂಚದ ಆರೋಪವನ್ನು. ಪಾರ್ನೆಲ್ ಎಂಬವನು, ತನ್ನ ವಿರುದ್ಧ ತೀರ್ಪು ಪಡೆದ ವಾನ್ ಎಂಬವನಿಂದ ಮೋರ್ ಒಂದು ದೊಡ್ಡ ಚಿನ್ನದ ಮುಲಾಮಿನ ಬಟ್ಟಲನ್ನು ಪಡೆದರೆಂದು ದೂರಿತ್ತ. ವಾನನ ಹೆಂಡತಿಯೇ ಅದನ್ನು ತಂದುಕೊಟ್ಟಿದ್ದಳು. ರಾಜಸಭೆಯ ಮುಂದೆ ಮೋರ್ ಅವರನ್ನು ಕರೆಸಿದರು. ಹೌದು, ತೀರ್ಪಾದ ಬಹುಕಾಲದ ಮೇಲೆ ಆಕೆ ಹೊಸವರ್ಷಕ್ಕೆಂದು ತಂದ ಬಟ್ಟಲನ್ನು ಸ್ವೀಕರಿಸಿದೆ ಎಂದು ಅವರು ಒಪ್ಪಿಕೊಂಡರು. ಅರಸನ ಹೊಸ ರಾಣಿ ಆನ್ ಬೊಲಿನಳ ತಂದೆ ಅಲ್ಲಿದ್ದ. ಬೇಟೆ ಬಲೆಗೆ ಬಿತ್ತೆಂದು ಹಿಗ್ಗಿದ. ಮಿಕ್ಕ ಕಥೆಯನ್ನೂ ಕೇಳಬೇಕೆಂದು ಮೋರ್ ಬೇಡಿದರು. ಆ ಬಟ್ಟಲಿಗೆ ದ್ರಾಕ್ಷಾರಸ ತುಂಬಿಸಿ, ಆಕೆಯ ಕ್ಷೇಮಕ್ಕಾಗಿ ಕುಡಿದು, ಆಕೆಯೂ ಕುಡಿದ ಮೇಲೆ, ಅದೇ ಬಟ್ಟಲನ್ನು ಆಕೆಯ ಗಂಡನಿಗೆ ಹೊಸವರ್ಷದ ಉಡುಗೊರೆಯಾಗಿ ಅಲ್ಲಿಯೇ ಹಿಂದಕ್ಕೆ ಕೊಟ್ಟಿದ್ದರು. ಆ ಹೆಂಗಸೂ ಅಲ್ಲಿದ್ದ ಇತರರೂ ಸಾಕ್ಷಿ ನುಡಿದರು. ಆರೋಪ ಬಿದ್ದುಹೋಯಿತು.

ಧರ್ಮಸಭೆಯ ಕಡೆಯಿಂದಲೂ ಒಂದು ಪರೀಕ್ಷೆ ಬಂದಿತ್ತು. ವಿಶ್ವಾಸದ ರಕ್ಷಣೆಗಾಗಿ ಅವರು ಹಗಲಿರುಳು ಗ್ರಂಥಗಳನ್ನು ಬರೆದದ್ದನ್ನು ಮೆಚ್ಚಿ, ಅವರು ಶ್ರೀಮಂತರಲ್ಲವೆಂದು ತಿಳಿದು, ಧರ್ಮಾಧ್ಯಕ್ಷರು ನಾಲ್ಕೈದು ಸಾವಿರ ಪೌಂಡುಗಳಷ್ಟು ಹಣವನ್ನು ಕೂಡಿಸಿ ತಂದರು. ಮೋರ್ ತಾವೂ ಮುಟ್ಟಲಿಲ್ಲ, ಮಡದಿ ಮಕ್ಕಳಿಗೆ ಕೊಡಲೂ ಬಿಡಲಿಲ್ಲ. ಮುಂದೆ ಅವರು ಗುರುವರ್ಗದ ಹಣ ತಿಂದು ಬರೆಯುತ್ತಾರೆಂದು ವಿರೋಧಿಗಳು ಆಡಿಕೊಂಡಾಗ, ಅದನ್ನು ಅಲ್ಲಗಳೆಯಲು ಅವರ ಬಳಿ ಸತ್ಯವೇ ಇತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪ್ರಾಮಾಣಿಕತೆಯನ್ನು ಕುರಿತ ಲೇಖನದಲ್ಲಿಯೇ ಅಪ್ರಾಮಾಣಿಕತೆ ಸಲ್ಲದು. ಮೋರ್ ಚಾನ್ಸಲರ್ ಆಗಿದ್ದ ಎರಡೂವರೆ ವರ್ಷಗಳಲ್ಲಿ ಪಾಷಂಡ ಮತದ ಆರೋಪದ ಮೇಲೆ ಆರು ಮಂದಿಯನ್ನು ಜೀವಂತ ಸುಡಲಾಯಿತು. ಅಂಥವರನ್ನು ಹಿಡಿಸುವುದರಲ್ಲಿ ಅವರ ಪಾತ್ರವೂ ಇತ್ತು. ಅದು ಆ ಕಾಲದ ಕಾನೂನು ಎಂದು ಹೇಳಬಹುದು. ಆದರೆ ವಿಶ್ವಾಸವನ್ನು ಬಲಾತ್ಕಾರದಿಂದ ಹೇರಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ ಬೆಳಕಿನಲ್ಲಿ ನಾವು ಅದನ್ನು ಸಮರ್ಥಿಸಲಾರೆವು. ಸಂತರೂ ತಮ್ಮ ಕಾಲದ ಮಕ್ಕಳೇ.

ಪದವಿ ತ್ಯಾಗ

ಅರಸ ಹೆನ್ರಿಯು ರಾಣಿ ಕ್ಯಾಥರೀನಳನ್ನು ತೊರೆದು ಆನ್ ಬೊಲಿನಳನ್ನು ಮದುವೆಯಾಗಲು ಹೊರಟು, ಜಗದ್ಗುರುಗಳ ಅಧಿಕಾರವನ್ನು ಧಿಕ್ಕರಿಸಿ, ತಾನೇ ಇಂಗ್ಲೆಂಡಿನ ಧರ್ಮಸಭೆಗೆ ಶಿರಸ್ಸೆಂದು ಹೇಳಿಕೊಂಡ ಕಥೆ ನಿಮಗೆ ತಿಳಿದದ್ದೇ. ಗುರುವರ್ಗದವರು ಅರಸನಿಗೆ ಶರಣಾದ ಬೆನ್ನಲ್ಲೇ, 1532ರ ಮೇ 16ರಂದು, ಮೋರ್ ಅವರು ರಾಜಮುದ್ರೆಯನ್ನು ಹಿಂದಿರುಗಿಸಿದರು. ತಾನು ಒಪ್ಪಲಾರದ ಕೆಲಸಕ್ಕೆ ತನ್ನ ಕೈಯಿಂದ ಮುದ್ರೆ ಬೀಳಬಾರದೆಂಬುದು ಅವರ ನಿರ್ಧಾರ.

ಚೆಲ್ಸಿಯ ದೇವಾಲಯದಲ್ಲಿ ಮೋರ್ ಅವರು ಚಾನ್ಸಲರ್ ಆಗಿದ್ದಾಗಲೂ ಬಿಳಿಯ ಮೇಲಂಗಿ ತೊಟ್ಟು ಗಾಯನವೃಂದದಲ್ಲಿ ಹಾಡುತ್ತಿದ್ದರು. ಒಮ್ಮೆ ಅದನ್ನು ಕಂಡ ನಾರ್‌ಫೋಕ್ ಡ್ಯೂಕ್, ಇದು ಅರಸನಿಗೂ ಅವನ ಪದವಿಗೂ ಅವಮಾನವೆಂದು ಆಕ್ಷೇಪಿಸಿದ. ಅರಸನ ಒಡೆಯನಾದ ದೇವರನ್ನು ಸೇವಿಸಿದರೆ ಅರಸನಿಗೇನೂ ಅವಮಾನವಿಲ್ಲವೆಂಬುದು ಮೋರ್ ಅವರ ಭಾವನೆಯಾಗಿತ್ತು. ಅದೇ ದೇವಾಲಯದಲ್ಲಿ ಬಲಿಪೂಜೆ ಮುಗಿದ ಮೇಲೆ, ಚಾನ್ಸಲರರು ಹೊರಟರೆಂದು ಅವರ ಸೇವಕನೊಬ್ಬ ಬಂದು ಆಲಿಸ್ ಅವರಿಗೆ ತಿಳಿಸುವ ರೂಢಿಯಿತ್ತು. ಪದವಿ ಬಿಟ್ಟ ಮೇಲಿನ ಮೊದಲ ಹಬ್ಬದ ದಿನ ಮೋರ್ ಅವರೇ ಪತ್ನಿ ಕುಳಿತಿದ್ದ ಪೀಠದ ಬಳಿ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಚಾನ್ಸಲರರು ಹೊರಟುಹೋದರೆಂದು ವಿನಯದಿಂದ ನಿವೇದಿಸಿದರು. ಆಕೆಗೆ ಮೊದಲು ತಮಾಷೆಯೆನಿಸಿತು; ಆಮೇಲೆ ಅರ್ಥವಾಗಿ ದುಃಖವಾಯಿತು.

ಎರಡೂವರೆ ವರ್ಷ ದೇಶದ ಅತ್ಯುನ್ನತ ಹುದ್ದೆಯಲ್ಲಿದ್ದವರ ಮನೆಯಲ್ಲಿ ಈಗ ಬಡತನ ಕಾಲಿಟ್ಟಿತು. ಸೇವಕರಿಗೆಲ್ಲ ಧರ್ಮಾಧ್ಯಕ್ಷರ, ಪ್ರಭುಗಳ ಮನೆಗಳಲ್ಲಿ ಕೆಲಸ ಕೊಡಿಸಿ ಕಳುಹಿಸಿದರು. ತಮ್ಮ ದೋಣಿಯನ್ನೂ ಎಂಟು ಅಂಬಿಗರನ್ನೂ ಹೊಸ ಚಾನ್ಸಲರ್ ಆಡ್ಲಿಗೆ ಒಪ್ಪಿಸಿದರು. ಮಕ್ಕಳನ್ನೂ ಅಳಿಯಂದಿರನ್ನೂ ಕೂರಿಸಿಕೊಂಡು, ಇನ್ನು ಮೇಲೆ ಊಟವನ್ನು ಹಂತಹಂತವಾಗಿ ಇಳಿಸೋಣ, ಕೊನೆಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಯ ಗಂಜಿಯೂ ನಡೆಸಲಾಗದಿದ್ದರೆ ಜೋಳಿಗೆ ಹಿಡಿದು ಒಟ್ಟಿಗೆ ಭಿಕ್ಷೆಗೆ ಹೋಗೋಣ ಎಂದು ನಗುತ್ತಲೇ ಹೇಳಿದರಂತೆ. ಚಳಿಗಾಲದಲ್ಲಿ ಮಲಗುವ ಮುನ್ನ ಮನೆಮಂದಿ ಜರೀಗಿಡಗಳ ಕಂತೆ ಉರಿಸಿ ಮೈ ಕಾಯಿಸಿಕೊಳ್ಳಬೇಕಾಯಿತು.

ಸುಳ್ಳು ಸಾಕ್ಷಿ

1534ರ ಏಪ್ರಿಲ್ 13ರಂದು ಹೊಸ ಉತ್ತರಾಧಿಕಾರ ಕಾಯಿದೆಯ ಪ್ರಮಾಣವಚನಕ್ಕೆ ಮೋರ್ ಅವರನ್ನು ಲ್ಯಾಂಬೆತ್‌ಗೆ ಕರೆಸಿದರು. ಸಿಂಹಾಸನ ಯಾರಿಗೆ ಹೋಗಬೇಕೆಂಬುದನ್ನು ಪಾರ್ಲಿಮೆಂಟು ನಿರ್ಧರಿಸಬಹುದು, ಅದಕ್ಕೆ ಅವರ ತಕರಾರಿರಲಿಲ್ಲ. ಆದರೆ ಪ್ರಮಾಣದಲ್ಲಿ ಜಗದ್ಗುರುಗಳ ಅಧಿಕಾರವನ್ನು ನಿರಾಕರಿಸುವ ಮಾತೂ ಸೇರಿತ್ತು. ದೇಶದ ಬಹುತೇಕ ಧರ್ಮಾಧ್ಯಕ್ಷರೂ ಗುರುಗಳೂ ಅದಕ್ಕೆ ಒಪ್ಪಿಬಿಟ್ಟಿದ್ದರು. ಮೋರ್ ಯಾರನ್ನೂ ನಿಂದಿಸಲಿಲ್ಲ, ಬೀದಿಯಲ್ಲಿ ನಿಂತು ಕೂಗಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅಂತಃಸಾಕ್ಷಿ ಒಪ್ಪದ ಪ್ರಮಾಣವನ್ನು ಮಾಡಲಿಲ್ಲ, ಅಷ್ಟೆ. ನಾಲ್ಕು ದಿನಗಳ ಮೇಲೆ ಅವರನ್ನು ಲಂಡನ್ ಗೋಪುರದ ಸೆರೆಮನೆಗೆ ತಳ್ಳಿದರು. ಅಲ್ಲಿ ಅವರ ಮತ್ತು ಅವರ ಸೇವಕನ ಊಟದ ಖರ್ಚಿಗಾಗಿ ವಾರಕ್ಕೆ ಹದಿನೈದು ಶಿಲ್ಲಿಂಗು ಕಟ್ಟಬೇಕಾಗಿತ್ತು. ಅದಕ್ಕಾಗಿ ಆಲಿಸ್ ತಮ್ಮ ಉಡುಪುಗಳನ್ನು ಮಾರಿದರು.

ಹದಿನಾಲ್ಕು ತಿಂಗಳು ಕಳೆದರೂ ಅವರ ಬಾಯಿಂದ ರಾಜದ್ರೋಹದ ಒಂದು ಮಾತೂ ಹೊರಡಲಿಲ್ಲ. 1535ರ ಜೂನ್ 12ರಂದು ಸರ್ಕಾರಿ ವಕೀಲ ರಿಚರ್ಡ್ ರಿಚ್, ಸೌತ್‌ವೆಲ್ ಮತ್ತು ಪಾಮರ್ ಎಂಬ ಇನ್ನಿಬ್ಬರೊಡನೆ ಸೆರೆಕೋಣೆಗೆ ಬಂದು ಅವರ ಪುಸ್ತಕಗಳನ್ನು ತೆಗೆಸಿದ. ಇಬ್ಬರೂ ಪುಸ್ತಕಗಳನ್ನು ಗೋಣಿಗೆ ತುಂಬುತ್ತಿರುವಾಗ ರಿಚ್ ಮೋರ್ ಅವರೊಡನೆ ಕಾನೂನಿನ ಮಾತಾಡಿದ. ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ ನಡೆದಾಗ ಆತ ಪ್ರಮಾಣ ಮಾಡಿ, ಅರಸನು ಧರ್ಮಸಭೆಯ ಶಿರಸ್ಸಾಗಲಾರನೆಂದು ಮೋರ್ ತನ್ನೆದುರು ಹೇಳಿದರೆಂದು ನುಡಿದ. ಮೋರ್ ಅದು ಸುಳ್ಳೆಂದು ದೇವರ ಮೇಲೆ ಆಣೆಯಿಟ್ಟರು. ತಾವಿಬ್ಬರೂ ಬಹುಕಾಲ ಒಂದೇ ಧರ್ಮಕೇಂದ್ರದಲ್ಲಿ ಬಾಳಿದವರೆಂದೂ, ಜೂಜಿಗೂ ಹಗುರ ನಾಲಗೆಗೂ ಹೆಸರಾದ ಇಂಥವನ ಮುಂದೆ, ದೇಶದ ದೊಡ್ಡವರಾರಿಗೂ ಹೇಳದ ಗುಟ್ಟನ್ನು ತಾನು ಹೇಳುವುದುಂಟೇ ಎಂದೂ ಕೇಳಿದರು.

ಆಗ ಸೌತ್‌ವೆಲ್ ಮತ್ತು ಪಾಮರ್ ಅವರನ್ನು ಸಾಕ್ಷಿಗೆ ಕರೆದರು. ತಾವು ಪುಸ್ತಕ ತುಂಬುವುದರಲ್ಲಿ ತೊಡಗಿದ್ದರಿಂದ ಅವರ ಮಾತಿಗೆ ಕಿವಿಗೊಡಲಿಲ್ಲವೆಂದು ಇಬ್ಬರೂ ಹೇಳಿದರು. ಅವರು ಸುಳ್ಳಿಗೆ ದನಿಗೂಡಿಸಲಿಲ್ಲ. ಸುಳ್ಳನ್ನು ಸುಳ್ಳೆನ್ನುವ ಧೈರ್ಯವನ್ನೂ ತೋರಲಿಲ್ಲ. ಪ್ರಿಯರೇ, ಈ ಇಬ್ಬರು ನೌಕರರನ್ನು ನೆನೆದಾಗಲೆಲ್ಲ ನನಗೆ ಭಯವಾಗುತ್ತದೆ. ರಿಚ್‌ನಂಥವರು ಸಾವಿರಕ್ಕೊಬ್ಬರು, ಮೋರ್ ಅವರಂಥವರು ಲಕ್ಷಕ್ಕೊಬ್ಬರು. ನಮ್ಮಲ್ಲಿ ಬಹುಪಾಲು ಜನ ಪುಸ್ತಕ ತುಂಬುತ್ತಾ ಕಿವಿ ಮುಚ್ಚಿಕೊಂಡವರ ಸಾಲಿನವರೇ.

ತೀರ್ಪುಗಾರರು ಕಾಲು ಗಂಟೆಯಲ್ಲಿ ಅಪರಾಧಿಯೆಂದು ನಿರ್ಣಯಿಸಿದರು. ಅಧ್ಯಕ್ಷ ಪೀಠದಲ್ಲಿದ್ದವನು, ಮೋರ್ ಅವರ ಅಂಬಿಗರನ್ನು ಪಡೆದಿದ್ದ ಅದೇ ಆಡ್ಲಿ. 1535ರ ಜುಲೈ 6ರಂದು ಟವರ್ ಹಿಲ್‌ನಲ್ಲಿ ಮೋರ್ ಅವರ ಶಿರಚ್ಛೇದವಾಯಿತು. ತನಗಾಗಿ ಪ್ರಾರ್ಥಿಸಿರೆಂದು ನೆರೆದವರನ್ನು ಬೇಡಿ, ತಾನು ಅರಸನಿಗೆ ನಿಷ್ಠನಾದ ಸೇವಕನಾಗಿಯೂ, ಅದಕ್ಕೂ ಮೊದಲು ದೇವರ ಸೇವಕನಾಗಿಯೂ ಸಾಯುತ್ತಿರುವೆನೆಂದು ಸಾರಿ ತಲೆಯೊಡ್ಡಿದರು. ಲಂಡನ್ ಸೇತುವೆಯ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಶಿರಸ್ಸನ್ನು ಮಗಳು ಮಾರ್ಗರೆಟ್ ಪಡೆದು ಕಾಪಾಡಿಕೊಂಡಳು. ಆಕೆಯ ಗಂಡ ವಿಲಿಯಂ ರೋಪರ್ ಬರೆದಿಟ್ಟ ಮಾವನ ಜೀವನಚರಿತ್ರೆಯಿಂದಲೇ ಮೇಲಿನ ಬಹಳಷ್ಟು ಪ್ರಸಂಗಗಳು ನಮಗೆ ತಿಳಿದುಬಂದಿವೆ.

1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಮೋರ್ ಅವರನ್ನು ಪುನೀತರೆಂದೂ, 1935ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯೂಸ್ ಅವರು ಸಂತರೆಂದೂ ಘೋಷಿಸಿದರು. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ರಾಜಕಾರಣಿಗಳ ಮತ್ತು ಆಡಳಿತಗಾರರ ಪಾಲಕ ಸಂತರೆಂದು ಸಾರಿದರು. 1535ರಲ್ಲಿಯೇ, ಅದೇ ಕಾರಣಕ್ಕಾಗಿ ಪ್ರಾಣತೆತ್ತ ಧರ್ಮಾಧ್ಯಕ್ಷ ಸಂತ ಜಾನ್ ಫಿಶರರೊಡನೆ ಅವರ ಸ್ಮರಣೆ ಜೂನ್ 22ರಂದು ಬರುತ್ತದೆ.

ನಮಗೊಂದು ಪಾಠ

ಸುಳ್ಳು ಸಾಕ್ಷಿ ಹೇಳಿದ ರಿಚರ್ಡ್ ರಿಚ್‌ಗೆ ಏನಾಯಿತು? ಆತ ಬ್ಯಾರನ್ ಆದ. 1547ರಲ್ಲಿ, ಮೋರ್ ಅವರು ಕುಳಿತಿದ್ದ ಲಾರ್ಡ್ ಚಾನ್ಸಲರ್ ಪೀಠದಲ್ಲಿಯೇ ಕುಳಿತ. ಅಂದು ಆ ಯುವಕನಿಗೆ ನಾನು ಮುಚ್ಚಿಟ್ಟಿದ್ದ ಅರ್ಧ ಸತ್ಯ ಇದೇ. ಪ್ರಾಮಾಣಿಕತೆಗೆ ಬಡ್ತಿ ಸಿಗುತ್ತದೆಂಬ ಭರವಸೆಯನ್ನು ಯಾರೂ ಯಾರಿಗೂ ಕೊಡಲಾಗದು.

ಹಾಗಾದರೆ ದಕ್ಕುವುದೇನು? ಮೋರ್ ಅವರ ಜೀವನವೇ ಉತ್ತರ ಹೇಳುತ್ತದೆ. ಕೈಗವಸಿನೊಳಗಿನ ನಾಣ್ಯಗಳನ್ನು ಅವರು ಇಟ್ಟುಕೊಂಡಿದ್ದರೆ, ವಾನನ ಬಟ್ಟಲು ಅವರ ಬೀರುವಿನಲ್ಲಿ ಉಳಿದಿದ್ದರೆ, ಅರಸನಿಗೆ ಅವರ ಬಾಯಿ ಕಟ್ಟಲು ಅಷ್ಟೇ ಸಾಕಾಗಿತ್ತು. ಒಂದು ಬಟ್ಟಲಿಗೆ ಮಾರಿಕೊಂಡವನ ಅಂತಃಸಾಕ್ಷಿ ಮುಂದೆ ಪ್ರಾಣಸಂಕಟದ ಹೊತ್ತಿನಲ್ಲಿ ನೆಟ್ಟಗೆ ನಿಲ್ಲಲಾರದು. ಅವರ ಕೈ ಶುದ್ಧವಾಗಿದ್ದುದರಿಂದಲೇ, ಅವರನ್ನು ಕೊಲ್ಲಲು ಇಡೀ ರಾಜ್ಯಶ್ರೇಣಿಗೆ ಒಂದು ಸುಳ್ಳು ಬೇಕಾಯಿತು. ಸಣ್ಣ ವಿಷಯಗಳಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲಿಯೂ ನಂಬಿಗಸ್ತನೆಂಬ ಪ್ರಭುಕ್ರಿಸ್ತರ ಬೋಧನೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತಿಳಿಯದು.

ನಮ್ಮ ಮುಂದೆ ಶಿರಚ್ಛೇದದ ಕೊಡಲಿ ಇಲ್ಲ. ನಮ್ಮ ಮುಂದಿರುವುದು ಹಾಜರಿ ಪುಸ್ತಕ, ಅಳತೆಪಟ್ಟಿ, ಪ್ರಯಾಣಭತ್ಯೆಯ ಬಿಲ್ಲು, ರೋಗಿಯ ಚೀಟಿ, ವಿದ್ಯಾರ್ಥಿಯ ಉತ್ತರಪತ್ರಿಕೆ, ಅಂಗಡಿಯ ತಕ್ಕಡಿ. ಬಾರದ ದಿನ ಬಂದೆನೆಂದು ಹಾಕುವ ಸಹಿ, ಕಾಣದ ಸರಕಿಗೆ ಬರೆಯುವ ರಸೀತಿ, ಕಾರ್ಖಾನೆಯಿಂದ ಚೀಲದಲ್ಲಿ ಮನೆಗೆ ಬರುವ ಸಾಮಾನು, ಇವೇ ನಮ್ಮ ಕೈಗವಸು ಮತ್ತು ಬಟ್ಟಲುಗಳು. ಆಳಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಡದ ಯಜಮಾನನೂ ಈ ಸಾಲಿನಲ್ಲಿಯೇ ನಿಲ್ಲುತ್ತಾನೆ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ನೀವು ಕಾಣಿಕೆ ಡಬ್ಬಿಗೆ ಹಾಕಿದ ಪ್ರತಿ ರೂಪಾಯಿಗೂ ನಾವು ಲೆಕ್ಕ ಒಪ್ಪಿಸಬೇಕಾದವರು. ಈ ಶತಮಾನೋತ್ಸವದ ಜಮಾಖರ್ಚಿನ ಪಟ್ಟಿಯನ್ನು ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಅಂಟಿಸಲು ಆರ್ಥಿಕ ಸಮಿತಿಯವರಿಗೆ ಹೇಳಿದ್ದೇನೆ. ದಯವಿಟ್ಟು ಓದಿ, ತಪ್ಪು ಕಂಡರೆ ಸಂಕೋಚವಿಲ್ಲದೆ ಕೇಳಿ.

ಆ ಯುವಕ ಈಗ ನಿವೃತ್ತನಾಗಿದ್ದಾನೆ. ದೊಡ್ಡ ಮನೆ ಕಟ್ಟಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ಕಚೇರಿಯಲ್ಲಿ ಹಳೆಯ ಕಡತಗಳ ಮೇಲೆ ತನಿಖೆ ನಡೆದಾಗ, ಅವನ ಜೊತೆಯವರು ಹಲವರು ನಿದ್ರೆ ಕೆಟ್ಟು ಓಡಾಡಿದರಂತೆ. ಅವನು ಮಾತ್ರ ಎಂದಿನಂತೆ ಊಟ ಮಾಡಿ ಮಲಗಿದನೆಂದು ಅವನ ಹೆಂಡತಿ ನನಗೆ ಹೇಳಿದಳು. ಹಾಗೆ ಹೇಳುವಾಗ ಆಕೆಯ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆತಿಲ್ಲ.

ನಮ್ಮ ದೇವಾಲಯದ ಎರಡನೆಯ ಶತಮಾನವನ್ನು ಕಟ್ಟುವ ನಮ್ಮ ಮಕ್ಕಳಿಗೆ ಅಂಥ ನಿದ್ರೆಯನ್ನೂ ಅಂಥ ಹೆಮ್ಮೆಯನ್ನೂ ಕರುಣಿಸಲೆಂದು ಸಂತ ಥಾಮಸ್ ಮೋರ್ ಅವರ ಬಿನ್ನಹದ ಮೂಲಕ ದೇವರನ್ನು ಬೇಡೋಣ.